ಶಾಲೆಯ ಆಟದಂಗಳ: ಸೃಜನಾತ್ಮಕ ಕ್ರೀಡೆಗೆ ಒದಗುವ ರಚನೆ

ಪಾಠಗಳ ನಡುವಣ ಬಿಡುವಿನಲ್ಲಿಯೂ ಶಾಲೆ ಆರಂಭವಾಗುವ ಮೊದಲೂ ಮುಗಿದ ತರುವಾಯವೂ ಮಕ್ಕಳು ತಮ್ಮ ಇಚ್ಛೆಗೆ ಬಂದಂತೆ ಆಡುವುದಕ್ಕಾಗಿ ಶಾಲೆಯ ಕಟ್ಟಡಕ್ಕೆ ಹೊಂದಿಕೊಂಡಂತೆ ಬಿಟ್ಟಿರುವ ಬಯಲಿಗೆ ಆಟದಂಗಳವೆಂದು ಹೆಸರು. ಪಂದ್ಯಗಳಿಗೆಂದು ಅಳೆದು ಸುಣ್ಣದ ಗೆರೆ ಎಳೆದ ಮೈದಾನಕ್ಕೂ ಇದಕ್ಕೂ ಇರುವ ಭೇದವನ್ನು ಆರಂಭದಲ್ಲಿಯೇ ಗಮನಿಸತಕ್ಕದ್ದು. ಖೊಖೊ, ಕಬಡ್ಡಿ, ವಾಲಿಬಾಲು ಮೊದಲಾದವುಗಳಲ್ಲಿ ಆಟದ ನಿಯಮವೂ ಗೆಲವಿನ ಲೆಕ್ಕವೂ ಮೊದಲೇ ಗೊತ್ತಾಗಿರುತ್ತವೆ; ಸೃಜನಾತ್ಮಕ ಕ್ರೀಡೆಯಲ್ಲಾದರೋ ಮಗು ನಿಯಮವನ್ನು ತಾನೇ ಕಲ್ಪಿಸಿ, ಬೇಕೆನಿಸಿದಾಗ ನಡುವೆಯೇ ಅದನ್ನು ಬದಲಿಸಿ, ಮೂರು ಕಲ್ಲುಗಳನ್ನು ಒಲೆಯೆಂದೂ ಮುತ್ತುಗದ ಎಲೆಯನ್ನು ತಟ್ಟೆಯೆಂದೂ ಭಾವಿಸಿ, ಆಟ ಎಲ್ಲಿ ಮುಗಿಯಬೇಕೆಂಬುದನ್ನು ಆಡುತ್ತಾಡುತ್ತಲೇ ನಿಶ್ಚಯಿಸುತ್ತದೆ. ಬೆಳೆಯುವ ದೇಹಕ್ಕೂ ಮನಸ್ಸಿಗೂ ಎರಡು ಬಗೆಯ ಆಟಗಳೂ ಅವಶ್ಯವಾದರೂ, ಮೊದಲನೆಯದಕ್ಕೆ ದೈಹಿಕ ಶಿಕ್ಷಣದ ಅಧ್ಯಾಪಕರೂ ವೇಳಾಪಟ್ಟಿಯೂ ಬಹುಮಾನಗಳೂ ಇವೆ. ಎರಡನೆಯದಕ್ಕೆ ಇರುವ ಏಕಮಾತ್ರ ಆಸರೆ ಅಂಗಳ. ಕಳೆದ ಇನ್ನೂರು ವರ್ಷಗಳ ಅಂಗಳದ ಇತಿಹಾಸದಲ್ಲಿ, ಮಕ್ಕಳಿಗೆ ಸಿದ್ಧಪಡಿಸಿದ ಉಪಕರಣವನ್ನು ಕೊಡಬೇಕೆಂಬ ಪಕ್ಷವೂ, ಸಾಮಗ್ರಿಯನ್ನು ಮಾತ್ರ ಕೊಟ್ಟು ಉಳಿದುದನ್ನು ಅವರಿಗೇ ಬಿಡಬೇಕೆಂಬ ಪಕ್ಷವೂ ಒಂದನ್ನೊಂದು ಎದುರಿಸುತ್ತ ಬಂದಿರುವುದನ್ನು ಕಾಣಬಹುದು.

ಶಾಲೆಗೆ ಅಂಗಳವೊಂದು ಇರಲೇಬೇಕೆಂಬ ಭಾವನೆ ಐರೋಪ್ಯ ಶಿಕ್ಷಣಕ್ರಮದಲ್ಲಿ ಬೇರೂರಿದ್ದು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ. 1820ರಲ್ಲಿ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ಎಂಬ ಬಡವರ ಬಡಾವಣೆಯಲ್ಲಿ ಶಿಶುಶಾಲೆಯೊಂದರ ಹೊಣೆ ಹೊತ್ತ ಸ್ಯಾಮ್ಯುಯೆಲ್ ವಿಲ್ಡರ್‌ಸ್ಪಿನ್ ಅಂಗಳವನ್ನು ಪಾಠಶಾಲೆಯ ಅವಿಭಾಜ್ಯ ಅಂಗವೆಂದು ಪ್ರತಿಪಾದಿಸಿದನು. ಕಂಬವೊಂದರ ಸುತ್ತ ಹಗ್ಗ ಹಿಡಿದು ತಿರುಗುವ ಉಯ್ಯಾಲೆಯನ್ನೂ, ಕಟ್ಟಿ ಕೆಡಹುವುದಕ್ಕೆ ಮರದ ಇಟ್ಟಿಗೆಗಳನ್ನೂ ಆತ ಒದಗಿಸಿದ್ದಲ್ಲದೆ, ಸುತ್ತಲೂ ಹೂವಿನ ಪಾತಿಗಳನ್ನೂ ಹಣ್ಣಿನ ಗಿಡಗಳನ್ನೂ ಬೆಳೆಸಿ, ಪರರ ಸ್ವತ್ತನ್ನು ಮುಟ್ಟದಿರುವ ನೀತಿಯನ್ನು ಮಕ್ಕಳು ಅವುಗಳಿಂದ ಕಲಿಯಬೇಕೆಂದು ಬಯಸಿದನು. ಹಣ್ಣಿನ ಗಿಡ ಯಾವ ನೀತಿಯನ್ನು ಕಲಿಸಿತೋ ಹೇಳುವುದು ಕಷ್ಟ. ಮರದ ಇಟ್ಟಿಗೆಗಳ ವಿಚಾರದಲ್ಲಿ ಮಾತ್ರ ಆತ ತನ್ನ ಕಾಲಕ್ಕಿಂತ ಬಹು ಮುಂದೆ ಇದ್ದನು. 1840ರಲ್ಲಿ ತನ್ನ ಸಂಸ್ಥೆಗೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟ ಜರ್ಮನಿಯ ಫ್ರೀಡ್ರಿಚ್ ಫ್ರೋಬೆಲ್ ಪ್ರತಿಯೊಂದು ಮಗುವಿಗೂ ಒಂದು ಸಣ್ಣ ಪಾತಿಯನ್ನು ವಹಿಸಿಕೊಟ್ಟು, ನೆಟ್ಟು ನೀರೆರೆಯುವ ಕೆಲಸವನ್ನೇ ಆಟದ ಒಂದು ಮುಖವನ್ನಾಗಿ ಮಾಡಿದನು.

ಬರ್ಲಿನ್ ನಗರದ ಉದ್ಯಾನಗಳಲ್ಲಿ ಮಕ್ಕಳಿಗಾಗಿ ಮರಳಿನ ಗುಡ್ಡೆ ಹಾಕಿಸುತ್ತಿದ್ದ ಪದ್ಧತಿಯನ್ನು ಕಂಡ ಮೇರಿ ಝಕ್‌ಶೆವ್‌ಸ್ಕಾ ಎಂಬ ವೈದ್ಯೆಯ ಸೂಚನೆಯ ಮೇರೆಗೆ 1885ರ ಸುಮಾರಿಗೆ ಅಮೆರಿಕದ ಬಾಸ್ಟನ್ನಿನಲ್ಲಿ ಮೊದಲ ಮರಳಂಗಳ ಸಿದ್ಧವಾಯಿತು. ಈ ಸಾಧಾರಣವಾದ ಮರಳರಾಶಿಯಿಂದ ಹೊರಟ ಚಳವಳಿ, 1906ರಲ್ಲಿ ಅಮೆರಿಕದ ಆಟದಂಗಳಗಳ ರಾಷ್ಟ್ರೀಯ ಸಂಘ ಸ್ಥಾಪನೆಯಾಗುವ ಹೊತ್ತಿಗೆ, ಕಬ್ಬಿಣದ ಕೊಳವೆಗಳ ಕಡೆಗೆ ತಿರುಗಿತು. ಜಾರುಬಂಡೆ, ಉಯ್ಯಾಲೆ, ಏತದ ಹಲಗೆ, ಹತ್ತುವ ಏಣಿ ಇವು ಕಾರ್ಖಾನೆಯಲ್ಲಿ ತಯಾರಾಗಿ ಶಾಲೆಗಳಿಗೆ ಬಂದಿಳಿದವು. ಇಂದಿಗೂ ಜಗತ್ತಿನ ಅನೇಕ ಶಾಲೆಗಳ ಅಂಗಳವೆಂದರೆ ಇವೇ. ಈ ವರ್ಗದಲ್ಲಿ ವಿಶೇಷ ಉಲ್ಲೇಖಕ್ಕೆ ಅರ್ಹವಾದುದು ಜಂಗಲ್ ಜಿಮ್. ನಾಲ್ಕನೆಯ ಆಯಾಮವನ್ನು ಕುರಿತು ಬರೆದ ಗಣಿತಜ್ಞ ಚಾರ್ಲ್ಸ್ ಹಿಂಟನ್ ಜಪಾನಿನಲ್ಲಿದ್ದಾಗ, ಮೂರು ಆಯಾಮಗಳ ಅರಿವು ಮಕ್ಕಳಿಗೆ ಮೈಗೂಡಲೆಂದು ಬಿದಿರಿನ ಚೌಕಟ್ಟೊಂದನ್ನು ಕಟ್ಟಿಸಿದ್ದನು. ಅದನ್ನು ನೆನಪಿನಲ್ಲಿಟ್ಟುಕೊಂಡ ಆತನ ಮಗ ಸೆಬಾಸ್ಟಿಯನ್ ಹಿಂಟನ್, ಇಲಿನಾಯ್ ಪ್ರಾಂತದ ವಿನೆಟ್ಕಾ ಊರಿನ ಶಾಲೆಗಳ ನೆರವಿನಿಂದ ಕೊಳವೆಯ ಚೌಕಟ್ಟನ್ನು ರೂಪಿಸಿದನು; 1923ರಲ್ಲಿ ಅದಕ್ಕೆ ಹಕ್ಕುಪತ್ರ ದೊರೆಯಿತು. ಹತ್ತುವ ದಾರಿಗಳು ಅನೇಕವಾಗಿರುವುದರಿಂದ ಇದು ಜಾರುಬಂಡೆಗಿಂತ ಹೆಚ್ಚು ಕಾಲ ಮಕ್ಕಳನ್ನು ಹಿಡಿದಿಡುತ್ತದೆ. ಜಾರುಬಂಡೆಯಲ್ಲಿ ಹತ್ತುವುದು, ಇಳಿಯುವುದು, ಮತ್ತೆ ಸಾಲಿನಲ್ಲಿ ನಿಲ್ಲುವುದು, ಇಷ್ಟೇ ವಿಧಿ. ತಲೆಕೆಳಗಾಗಿ ಇಳಿಯುವ ಮಗುವೂ ಕೆಳಗಿನಿಂದ ಮೇಲಕ್ಕೆ ಓಡಿ ಹತ್ತುವ ಮಗುವೂ ಮಾಡುತ್ತಿರುವುದು ಆ ವಿಧಿಯ ಉಲ್ಲಂಘನೆಯನ್ನೇ. ಅಧ್ಯಾಪಕರ ಗದರಿಕೆಗೆ ಪಾತ್ರವಾಗುವ ಆ ಕ್ಷಣದಲ್ಲಿಯೇ ಸೃಜನಾತ್ಮಕ ಕ್ರೀಡೆ ಆರಂಭವಾಗಿರುತ್ತದೆ.

ಉಪಕರಣಗಳ ಈ ವೈಭವಕಾಲದಲ್ಲಿಯೂ ಭಿನ್ನಮತದವರು ಇಲ್ಲದಿರಲಿಲ್ಲ. 1914ರಲ್ಲಿ ಲಂಡನ್ನಿನ ಡೆಟ್‌ಫರ್ಡ್‌ನಲ್ಲಿ ಬಯಲು ಶಿಶುಶಾಲೆಯನ್ನು ತೆರೆದ ಮಾರ್ಗರೆಟ್ ಮ್ಯಾಕ್‌ಮಿಲನ್, ಗಿಡಮೂಲಿಕೆಗಳೂ ತರಕಾರಿಯೂ ಬೆಳೆಯುವ ಅಚ್ಚುಕಟ್ಟಾದ ತೋಟದ ಜೊತೆಗೆ, ಕಲ್ಲು, ಹಳೆಯ ಕಬ್ಬಿಣ, ಡಬ್ಬಿ, ಮಡಕೆಗಳ ರಾಶಿಯೊಂದು ಪ್ರತಿ ಶಿಶುಶಾಲೆಯ ಅಂಗಳದಲ್ಲಿಯೂ ಇರಬೇಕೆಂದು ಬರೆದಳು. ಅದೇ ವರ್ಷ ನ್ಯೂಯಾರ್ಕಿನಲ್ಲಿ ಆಟದ ಶಾಲೆಯನ್ನು ಆರಂಭಿಸಿದ ಕ್ಯಾರೊಲೀನ್ ಪ್ರ್ಯಾಟ್, ಒಂದಕ್ಕೊಂದು ನಿಯತ ಪ್ರಮಾಣದಲ್ಲಿ ಹೊಂದುವ, ಬಣ್ಣವಿಲ್ಲದ ಮರದ ದಿಮ್ಮಿಗಳನ್ನು ರೂಪಿಸಿದಳು. ಮನೆಯನ್ನಾಗಲಿ ಹಡಗನ್ನಾಗಲಿ ಹೋಲದೆ ಇರುವುದರಿಂದಲೇ ಅವು ಎರಡೂ ಆಗಬಲ್ಲವೆಂಬುದು ಆಕೆಯ ಅಭಿಪ್ರಾಯವಾಗಿತ್ತು.

ಈ ವಿಚಾರಕ್ಕೆ ಸಂಪೂರ್ಣ ರೂಪ ದೊರೆತದ್ದು ಡೆನ್ಮಾರ್ಕಿನಲ್ಲಿ. ಅಲ್ಲಿನ ಉದ್ಯಾನಶಿಲ್ಪಿ ಸಿ. ಟಿ. ಸೋರೆನ್‌ಸನ್, ತಾನು ಪರಿಶ್ರಮದಿಂದ ರಚಿಸಿದ ಸುಂದರವಾದ ಅಂಗಳಗಳನ್ನು ಬಿಟ್ಟು ಮಕ್ಕಳು ಕಟ್ಟಡ ಏಳುತ್ತಿರುವ ನಿವೇಶನಗಳಲ್ಲಿ ಬಿದ್ದ ಹಲಗೆ ಇಟ್ಟಿಗೆಗಳ ನಡುವೆ ಆಡುವುದನ್ನು ನೋಡಿ, ಬೇಸರಪಡುವುದಕ್ಕೆ ಬದಲಾಗಿ ವಿಚಾರಮಾಡಿ, 1931ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಹಳೆಯ ಸಾಮಾನುಗಳಿಂದಲೇ ತುಂಬಿದ ಅಂಗಳವೊಂದನ್ನು ಮಕ್ಕಳಿಗೆ ಕೊಟ್ಟು ನೋಡಬಾರದೇಕೆಂಬ ಸೂಚನೆಯನ್ನು ಮಾಡಿದನು. ಅದು ಕಾರ್ಯರೂಪಕ್ಕೆ ಬಂದದ್ದು ಹನ್ನೆರಡು ವರ್ಷಗಳ ತರುವಾಯ, ದೇಶ ಜರ್ಮನ್ ಸೈನ್ಯದ ಅಧೀನದಲ್ಲಿದ್ದ 1943ರಲ್ಲಿ, ಕೋಪನ್‌ಹೇಗನ್ನಿನ ಅಂಚಿನ ಎಮ್‌ಡ್ರುಪ್ ಎಂಬ ವಸತಿ ಬಡಾವಣೆಯಲ್ಲಿ. ಸುತ್ತಲೂ ಮಣ್ಣಿನ ಏರಿ ಹಾಕಿ ಗಿಡಗಂಟಿ ಬೆಳೆಸಿ ಹೊರಗಿನವರ ದೃಷ್ಟಿಗೆ ಮರೆಮಾಡಿದ ಆ ನೆಲದಲ್ಲಿ ಉಯ್ಯಾಲೆಯೂ ಜಾರುಬಂಡೆಯೂ ಇರಲಿಲ್ಲ. ಹಲಗೆ, ಇಟ್ಟಿಗೆ, ಹಗ್ಗ, ಗಾಡಿಯ ಚಕ್ರ, ಸುತ್ತಿಗೆ, ಮೊಳೆ, ಗುದ್ದಲಿಗಳು ಇದ್ದವು. ಮಕ್ಕಳು ಗುಹೆಗಳನ್ನು ತೋಡಿದರು, ಗುಡಿಸಲುಗಳನ್ನು ಕಟ್ಟಿ ಕೆಡವಿ ಮತ್ತೆ ಕಟ್ಟಿದರು. ಮೊದಲ ಮೇಲ್ವಿಚಾರಕನಾದ ಜಾನ್ ಬರ್ಟೆಲ್‌ಸನ್ ಹಿಂದೆ ನಾವಿಕನಾಗಿದ್ದು ತರುವಾಯ ಶಿಶುಶಿಕ್ಷಣದಲ್ಲಿ ತರಬೇತಿ ಪಡೆದವನು. ಮಕ್ಕಳಿಗೆ ಏನನ್ನೂ ಕಲಿಸಲು ಹೊರಡದೆ, ಕೇಳಿದಾಗ ಮಾತ್ರ ಉಪಕರಣವನ್ನೂ ಸಲಹೆಯನ್ನೂ ಒದಗಿಸುವುದು ತನ್ನ ಕರ್ತವ್ಯವೆಂದು ಆತ ತಿಳಿದಿದ್ದನು. ಈ ಪ್ರಯೋಗದ ಕೀರ್ತಿಯನ್ನು ಸಾಮಾನ್ಯವಾಗಿ ಶಿಲ್ಪಿಗೆ ಸಲ್ಲಿಸುವುದುಂಟು. ಅರ್ಧಕ್ಕಿಂತ ಮಿಗಿಲಾದ ಪಾಲು ಈ ಮೇಲ್ವಿಚಾರಕನಿಗೆ ಸಲ್ಲಬೇಕೆಂದು ತೋರುತ್ತದೆ, ಏಕೆಂದರೆ ಅದೇ ಸಾಮಾನು ಗದರುವ ಮೇಲ್ವಿಚಾರಕನ ಕೈಯಲ್ಲಿ ಬರಿಯ ಗುಜರಿಯಾಗಿಯೇ ಉಳಿಯುತ್ತಿತ್ತು.

1946ರಲ್ಲಿ ಎಮ್‌ಡ್ರುಪ್ಪಿಗೆ ಬಂದ ಇಂಗ್ಲೆಂಡಿನ ಲೇಡಿ ಆಲನ್ ಅದನ್ನು ಕಂಡು ಮಂತ್ರಮುಗ್ಧಳಾಗಿ, ಬಾಂಬು ಬಿದ್ದು ಹಾಳುಸುರಿಯುತ್ತಿದ್ದ ನಿವೇಶನಗಳನ್ನು ಮಕ್ಕಳಿಗೆ ಬಿಟ್ಟುಕೊಡಬೇಕೆಂದು ಪತ್ರಿಕೆಯಲ್ಲಿ ವಾದಿಸಿದಳು. ಕ್ಯಾಂಬರ್‌ವೆಲ್‌ನಲ್ಲಿ 1948ರಲ್ಲಿ ಆರಂಭವಾದ ಅಂಗಳದಿಂದ ಮೊದಲ್ಗೊಂಡು ಬ್ರಿಟನ್ನಿನಲ್ಲಿ ಸಾಹಸದಂಗಳಗಳೆಂದು ಹೆಸರಾದ ಇಂತಹ ಅಂಗಳಗಳು ಹರಡಿದವು. ಇವು ಬಹುತೇಕ ಶಾಲೆಯ ಹೊರಗೆ, ನೆರೆಹೊರೆಯ ಸ್ವತ್ತಾಗಿ ಬೆಳೆದವಾದರೂ, ಶಾಲೆಯ ಅಂಗಳವನ್ನು ರೂಪಿಸುವವರು ಅಲ್ಲಿಂದ ಕಲಿತದ್ದು ಸ್ವಲ್ಪವಲ್ಲ.

ಇದಕ್ಕೆ ಸಮಾನಾಂತರವಾಗಿ, ಆದರೆ ಬೇರೊಂದು ಹಾದಿಯಲ್ಲಿ ನಡೆದವನು ಡಚ್ ವಾಸ್ತುಶಿಲ್ಪಿ ಆಲ್ಡೊ ವಾನ್ ಐಕ್. ಯುದ್ಧಾನಂತರ ಆಮ್‌ಸ್ಟರ್‌ಡ್ಯಾಮ್ ನಗರದ ಲೋಕೋಪಯೋಗಿ ಇಲಾಖೆಯಲ್ಲಿ ಯಾಕೋಬಾ ಮುಲ್ಡರ್ ಎಂಬ ನಗರಯೋಜಕಿಯ ಕೈಕೆಳಗೆ ಸೇರಿದ ಆತ, 1947ರಲ್ಲಿ ಬರ್ಟೆಲ್‌ಮಾನ್‌ಪ್ಲೈನ್ ಎಂಬ ಚೌಕದಲ್ಲಿ ಮೊದಲ ಅಂಗಳವನ್ನು ರಚಿಸಿ, 1978ರ ಪರ್ಯಂತ ಏಳುನೂರಕ್ಕೂ ಮಿಕ್ಕು ಅಂಗಳಗಳನ್ನು ನಗರಕ್ಕೆ ಕೊಟ್ಟನು. ಅಗಲವಾದ ಕಾಂಕ್ರೀಟ್ ಅಂಚಿನ ಮರಳುಗುಂಡಿ, ಹಾರಿ ದಾಟುವುದಕ್ಕೆ ದುಂಡುಗಲ್ಲುಗಳು, ಪಲ್ಟಿ ಹೊಡೆಯುವುದಕ್ಕೆ ಬಾಗಿದ ಕಂಬಿಗಳು, ಹತ್ತುವುದಕ್ಕೆ ಕೊಳವೆಯ ಗುಮ್ಮಟ, ಇಷ್ಟೇ ಆತನ ಸಂಪತ್ತು. ಸ್ಥಳದ ಆಕಾರಕ್ಕೆ ತಕ್ಕಂತೆ ಇವುಗಳನ್ನು ಜೋಡಿಸುವುದರಲ್ಲಿ ಆತನ ಪ್ರತಿಭೆ ಇತ್ತು. ಆನೆ, ಕುದುರೆ, ರಾಕೆಟ್ಟುಗಳ ಆಕಾರದ ಉಪಕರಣಗಳನ್ನು ಆತ ತಿರಸ್ಕರಿಸಿದನು; ಆನೆಯ ರೂಪದಲ್ಲಿರುವ ಜಾರುಬಂಡೆ ಎಂದೆಂದಿಗೂ ಆನೆಯಾಗಿಯೇ ಇರಬೇಕಾಗುತ್ತದೆ, ದುಂಡುಗಲ್ಲಾದರೋ ದ್ವೀಪವೂ ಅಂಗಡಿಯೂ ಸಿಂಹಾಸನವೂ ಆಗಬಲ್ಲದು. ನಮ್ಮ ನಗರಗಳ ಶಿಶುಶಾಲೆಗಳಲ್ಲಿ ಕಾಣುವ, ಹಲ್ಲು ಕಿರಿದ ಮೊಸಳೆಗಳೂ ಹಳದಿ ಜಿರಾಫೆಗಳೂ ಪೋಷಕರ ಕಣ್ಣಿಗೆ ಹಬ್ಬವೆಂಬುದು ನಿಜ. ಆಟಕ್ಕೆ ಅವುಗಳ ಕೊಡುಗೆ ಅಲ್ಪ. ವಾನ್ ಐಕ್‌ಗೂ ಮೊದಲು, 1930ರ ದಶಕದಲ್ಲಿಯೇ, ಶಿಲ್ಪಿ ಇಸಾಮು ನೊಗುಚಿ ನೆಲವನ್ನೇ ಬೆಟ್ಟವಾಗಿಯೂ ಜಾರುವ ಇಳಿಜಾರಾಗಿಯೂ ರೂಪಿಸುವ ಯೋಜನೆಯನ್ನು ನ್ಯೂಯಾರ್ಕ್ ನಗರದ ಮುಂದಿಟ್ಟು ತಿರಸ್ಕೃತನಾದನು. ಆತನ ಕನಸುಗಳಲ್ಲಿ ದೊಡ್ಡದು ನನಸಾದುದು ಜಪಾನಿನ ಸಪ್ಪೊರೊ ನಗರದ ಮೊಯೆರೆನುಮ ಉದ್ಯಾನದಲ್ಲಿ, ಆತ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ.

ಈ ಎಲ್ಲ ಅನುಭವಗಳಿಗೂ ಸೈದ್ಧಾಂತಿಕ ರೂಪ ಕೊಟ್ಟವನು ಸೈಮನ್ ನಿಕಲ್ಸನ್, ಚಿತ್ರಕಾರ ಬೆನ್ ನಿಕಲ್ಸನ್ನನಿಗೂ ಶಿಲ್ಪಿ ಬಾರ್ಬರಾ ಹೆಪ್‌ವರ್ತಳಿಗೂ ಹುಟ್ಟಿದ ಮಗ. 1971ರಲ್ಲಿ ಪ್ರಕಟವಾದ ಆತನ ಪ್ರಬಂಧದ ಸಾರವಿಷ್ಟು: ಯಾವುದೇ ಪರಿಸರದಲ್ಲಿ ಶೋಧನೆಗೂ ಸೃಷ್ಟಿಗೂ ಇರುವ ಅವಕಾಶ, ಅಲ್ಲಿ ಬದಲಾಯಿಸಬಹುದಾದ ಅಂಶಗಳ ಸಂಖ್ಯೆ ಮತ್ತು ವೈವಿಧ್ಯಗಳನ್ನು ಅವಲಂಬಿಸಿರುತ್ತದೆ. ಸಾಗಿಸಬಹುದಾದ, ಜೋಡಿಸಿ ಬಿಚ್ಚಬಹುದಾದ ಬಿಡಿಸಾಮಾನುಗಳು ಎಷ್ಟು ಹೆಚ್ಚೋ ಆಟ ಅಷ್ಟು ಸಮೃದ್ಧ. ವಾಸ್ತುಶಿಲ್ಪಿಗಳು ರಚನೆಯ ಆನಂದವನ್ನೆಲ್ಲ ತಾವೇ ಉಂಡು ಮಕ್ಕಳಿಗೆ ಮುಗಿದ ವಸ್ತುವನ್ನು ಬಡಿಸುವುದು ವಂಚನೆಯೇ ಎಂದು ಆತ ಕಟುವಾಗಿ ಬರೆದನು. ಆ ದಶಕದ ಆರಂಭದಲ್ಲಿಯೇ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ವಾಷಿಂಗ್ಟನ್ ಪ್ರಾಥಮಿಕ ಶಾಲೆಯ ಒಂದೂವರೆ ಎಕರೆ ಡಾಂಬರು ಅಂಗಳವನ್ನು ರಾಬಿನ್ ಮೂರ್ ಎಂಬ ವಿನ್ಯಾಸಕ ಮಕ್ಕಳ, ಅಧ್ಯಾಪಕರ, ಪೋಷಕರ ಸಹಾಯದಿಂದ ಮಾರ್ಪಡಿಸಲು ತೊಡಗಿದನು. ಸುಮಾರು ಅರ್ಧ ಎಕರೆಯ ಡಾಂಬರನ್ನು ಕಿತ್ತು, ಹೊಂಡ, ತೊರೆ, ಹುಲ್ಲುಗಾವಲು, ಮರಗುಂಪುಗಳನ್ನು ಬೆಳೆಸಿದ ಆ ಅಂಗಳ ಪಾಠಕ್ಕೂ ಆಟಕ್ಕೂ ಸಮಾನವಾಗಿ ಒದಗಿತು. ಈಚೆಗೆ, 2018ರಿಂದ, ಪ್ಯಾರಿಸ್ ನಗರ ತನ್ನ ಶಾಲೆಗಳ ಡಾಂಬರನ್ನು ತೆಗೆಯಿಸಿ ಮಣ್ಣು, ಮರ, ನೀರುಗಳನ್ನು ಮರಳಿ ತರುತ್ತಿದೆ. ಅದಕ್ಕೆ ಮೂಲಕಾರಣ ಬೇಸಗೆಯ ತಾಪವಾದರೂ ಲಾಭ ಆಟಕ್ಕೂ ಸಂದಿದೆ.

ಅಂಗಳದ ರಚನೆಗೆ ಕೈಹಾಕುವವನು ಮೊದಲು ನೋಡಬೇಕಾದದ್ದು ನೆಲವನ್ನು. ಶಾಲೆಗೆ ನಿವೇಶನ ದೊರೆತೊಡನೆ ಯಂತ್ರ ತರಿಸಿ ದಿಬ್ಬವನ್ನು ಕಡಿದು ಹಳ್ಳವನ್ನು ಮುಚ್ಚಿ ಸಮತಟ್ಟು ಮಾಡುವುದು ಎಲ್ಲೆಡೆಯ ರೂಢಿ. ಆದರೆ ಹತ್ತಿ ಉರುಳುವುದಕ್ಕೆ ದಿಬ್ಬವೂ, ಅಡಗುವುದಕ್ಕೆ ತಗ್ಗೂ, ಮಳೆನೀರನ್ನು ತಡೆದು ಕಾಲುವೆ ಕೊರೆಯುವುದಕ್ಕೆ ಇಳಿಜಾರೂ ಪ್ರಕೃತಿ ಬಿಟ್ಟಿಯಾಗಿ ಕೊಟ್ಟ ಉಪಕರಣಗಳೇ ಸರಿ. ಪಂದ್ಯಗಳಿಗೆ ಬೇಕಾದಷ್ಟು ನೆಲವನ್ನು ಮಾತ್ರ ಮಟ್ಟಸಮಾಡಿ ಉಳಿದುದನ್ನು ಇದ್ದಂತೆ ಬಿಡುವುದು ಲೇಸು. ನಾರ್ವೆಯಲ್ಲಿ ಶಿಶುಶಾಲೆಯ ಮಕ್ಕಳನ್ನು ದಿನವೂ ಪಕ್ಕದ ಕಾಡಿನಲ್ಲಿ ಆಡಲು ಬಿಟ್ಟು ಇಂಗುನ್ ಫ್ಯೋರ್ಟಾಫ್ಟ್ ನಡೆಸಿದ ಅಧ್ಯಯನ, ಸಮತಟ್ಟಾದ ಅಂಗಳದಲ್ಲಿ ಆಡಿದವರಿಗಿಂತ ಈ ಮಕ್ಕಳ ಸಮತೋಲವೂ ಅಂಗಸಾಮರಸ್ಯವೂ ಹೆಚ್ಚು ಸುಧಾರಿಸಿದುದನ್ನು ತೋರಿಸಿತು. ಎರಡನೆಯದಾಗಿ ಅಂಚುಗಳು. ಮಕ್ಕಳ ಕಲ್ಪನಾಕ್ರೀಡೆ ಬಯಲಿನ ಮಧ್ಯದಲ್ಲಿ ನಡೆಯುವುದು ಅಪೂರ್ವ. ಗೋಡೆಯ ಬುಡ, ಮರದ ಬೇರಿನ ಸಂದು, ಮೆಟ್ಟಿಲಿನ ಪಕ್ಕ, ಬೇಲಿಯ ಪೊದೆ, ಇಂತಹ ಮೂಲೆಗಳನ್ನು ಮಕ್ಕಳು ಅರಸುತ್ತಾರೆ. ಇಬ್ಬರು ಮೂವರು ಮಾತ್ರ ಕೂರಬಹುದಾದ ಮರೆಗಳನ್ನು, ಅಧ್ಯಾಪಕರ ದೃಷ್ಟಿ ಪೂರ್ತಿ ತಪ್ಪದಂತೆ, ಅಲ್ಲಲ್ಲಿ ಏರ್ಪಡಿಸಬೇಕು.

ಮರಳೂ ನೀರೂ ಒಂದರ ಬಳಿ ಒಂದು ಇರಬೇಕು. ಒಣ ಮರಳು ಸುರಿಯುವುದಕ್ಕೆ ಮಾತ್ರ ಒದಗುತ್ತದೆ, ಒದ್ದೆ ಮರಳಿನಲ್ಲಿ ಗುಬ್ಬಚ್ಚಿಗೂಡಿನಿಂದ ಕೋಟೆಯವರೆಗೆ ಎಲ್ಲವೂ ಸಾಧ್ಯ. ಕೈತೊಳೆಯುವ ನಲ್ಲಿಯಿಂದ ಹರಿದುಹೋಗುವ ನೀರನ್ನು ಮರಳಿನ ಕಡೆಗೆ ತಿರುಗಿಸಿದರೆ ಪ್ರತ್ಯೇಕ ವೆಚ್ಚವಿಲ್ಲ. ಮರಳು ದುಬಾರಿಯಾದ ಕಡೆ ಜರಡಿ ಹಿಡಿದ ಕೆಮ್ಮಣ್ಣೂ ಸಾಲುತ್ತದೆ. ಬಿಡಿಸಾಮಾನುಗಳ ವಿಚಾರದಲ್ಲಿ ಕನ್ನಡನಾಡಿನ ಶಾಲೆಗಳು ಎಂದೂ ಬಡವಾಗಿರಲಿಲ್ಲ: ಮಲೆನಾಡಿನಲ್ಲಿ ಒಬ್ಬನನ್ನು ಕೂರಿಸಿ ಇನ್ನೊಬ್ಬ ಎಳೆಯುವ ಅಡಕೆಯ ಹಾಳೆ, ಬಯಲುಸೀಮೆಯಲ್ಲಿ ಹುಣಿಸೆಬೀಜ, ಹೊಂಗೆಯ ಕಾಯಿ, ಕರಾವಳಿಯಲ್ಲಿ ತೆಂಗಿನ ಗರಟೆ, ಸೋಗೆ, ಎಲ್ಲೆಡೆಯಲ್ಲಿಯೂ ಕುಂಟೆಬಿಲ್ಲೆಯ ಹೆಂಚಿನ ಚೂರು, ಲಗೋರಿಯ ಚಪ್ಪಟೆ ಕಲ್ಲು, ಕೋಲಿನಿಂದ ಹೊಡೆದು ಓಡಿಸುವ ಸೈಕಲ್ ಟೈರು. ಇವುಗಳ ಜೊತೆಗೆ ಹಲಗೆ, ಬಿದಿರು, ಹಳೆಯ ಸೀರೆ, ಗೋಣಿತಾಟು, ಹಗ್ಗ, ಕ್ರೇಟುಗಳನ್ನು ಸೇರಿಸಿದರೆ ಸಾಕು. ಸಿಡ್ನಿಯ ಪ್ರಾಥಮಿಕ ಶಾಲೆಗಳಲ್ಲಿ ಇಂತಹ ಸಾಮಾನುಗಳನ್ನು ಬಿಡುವಿನ ವೇಳೆಗೆ ಒದಗಿಸಿ ನಡೆಸಿದ ಪರೀಕ್ಷೆಯಲ್ಲಿ ಮಕ್ಕಳ ಚಲನವಲನ ಹೆಚ್ಚಿದುದು ಕಂಡುಬಂದಿತು. ಹೆಚ್ಚಳ ಅಲ್ಪವೇ ಆದರೂ ಅದಕ್ಕಾದ ವೆಚ್ಚವೂ ಅಷ್ಟೇ ಅಲ್ಪ. ಇವುಗಳನ್ನಿಡಲು ಅಂಗಳದಲ್ಲಿಯೇ, ಮಕ್ಕಳ ಎತ್ತರಕ್ಕೆ ತಕ್ಕ ಬಾಗಿಲಿನ ಒಂದು ಚಿಕ್ಕ ಕೋಣೆ ಅವಶ್ಯ. ದಾಸ್ತಾನು ಪುಸ್ತಕದಲ್ಲಿ ನಮೂದಾಗಿ ಮುಖ್ಯೋಪಾಧ್ಯಾಯರ ಬೀರುವಿನೊಳಗೆ ಹೊಸದರಂತೆಯೇ ಹೊಳೆಯುತ್ತ ಉಳಿಯುವ ಆಟದ ಸಾಮಾನು ತನಿಖಾಧಿಕಾರಿಗಲ್ಲದೆ ಮತ್ತಾರಿಗೂ ಪ್ರಯೋಜನವಿಲ್ಲ.

ಅಪಾಯದ ಪ್ರಶ್ನೆ ಈ ಕ್ಷೇತ್ರದಲ್ಲಿ ಅತ್ಯಂತ ವಿವಾದಾಸ್ಪದವಾದುದು. ನಾರ್ವೆಯ ಎಲೆನ್ ಸ್ಯಾಂಡ್‌ಸೆಟರ್ 2007ರಲ್ಲಿ ಮಕ್ಕಳು ತಾವಾಗಿ ಅರಸುವ ಅಪಾಯದ ಆಟಗಳನ್ನು ಎತ್ತರ, ವೇಗ, ಹರಿತವಾದ ಸಲಕರಣೆ, ಬೆಂಕಿ ನೀರುಗಳ ಸಾಮೀಪ್ಯ, ಹೋರಾಟ, ಕಣ್ಮರೆಯಾಗುವಿಕೆ ಎಂದು ಆರು ಬಗೆಯಾಗಿ ವಿಂಗಡಿಸಿದಳು. ತನ್ನ ಶಕ್ತಿಯ ಮಿತಿಯನ್ನು ಅಳೆದುಕೊಳ್ಳಲು ಮಗುವಿಗೆ ಇವು ಅವಶ್ಯವೆಂಬುದು ಆಕೆಯ ನಿಲುವು. ಮರಕೋತಿಯಾಡುತ್ತ ಬೆಳೆದ ಜನಕ್ಕೆ ಇದು ಹೊಸ ಮಾತಾಗಿ ಕೇಳಿಸದು. ಆದರೆ ಮಗು ಕಂಡು ಅಳೆಯಬಹುದಾದ ಅಪಾಯವೇ ಬೇರೆ, ಅದರ ಅರಿವಿಗೆ ಬಾರದ ಅಪಾಯವೇ ಬೇರೆ. ಕೊಂಬೆಯ ಎತ್ತರ ಮೊದಲನೆಯದು; ಕೊಳೆತ ಹಲಗೆ, ತುಕ್ಕು ಹಿಡಿದ ಬೆಸುಗೆ, ಎತ್ತರದ ಉಪಕರಣದ ಕೆಳಗಣ ಕಾಂಕ್ರೀಟು ಎರಡನೆಯವು, ಅವುಗಳನ್ನು ನಿಷ್ಕರುಣೆಯಿಂದ ನಿವಾರಿಸಬೇಕು. ಐರೋಪ್ಯ ಮಾನದಂಡ ಬೀಳುವ ಎತ್ತರಕ್ಕೆ 3 ಮೀಟರಿನ ಮಿತಿಯನ್ನು ವಿಧಿಸುತ್ತದೆ. ಅಮೆರಿಕದ ನಿಯಮಾವಳಿ, ಮಗುವಿನ ತಲೆ ಸಿಕ್ಕಿಕೊಳ್ಳದಂತೆ ಕಂಬಿಗಳ ನಡುವಣ ಅಂತರ ಮೂರೂವರೆ ಅಂಗುಲಕ್ಕಿಂತ ಕಡಮೆ ಅಥವಾ ಒಂಬತ್ತು ಅಂಗುಲಕ್ಕಿಂತ ಹೆಚ್ಚು ಇರಬೇಕೆನ್ನುತ್ತದೆ. ಹತ್ತುವ ಉಪಕರಣದ ಅಡಿಯಲ್ಲಿ ಸುಮಾರು ಒಂದಡಿ ದಪ್ಪ ಸಡಿಲವಾದ ಮರಳೋ ಮರದ ಚಕ್ಕೆಯೋ ಇರತಕ್ಕದ್ದು. ರಬ್ಬರಿನ ಹಾಸು ನಮ್ಮ ಬೇಸಗೆಯಲ್ಲಿ ಬರಿಗಾಲು ಸುಡುವಷ್ಟು ಕಾಯುವುದರಿಂದ ನೆರಳಿಲ್ಲದ ಕಡೆ ಅದು ಸಲ್ಲದು. ಹೆಣ್ಣುಮಕ್ಕಳ ಸಮವಸ್ತ್ರದ ದುಪ್ಪಟ್ಟ ಜಾರುಬಂಡೆಯ ಸಂದಿನಲ್ಲಿ ಸಿಕ್ಕಿಕೊಳ್ಳುವ ಸಂಭವವನ್ನು ನಾವು ಗಮನದಲ್ಲಿಡಬೇಕು.

ಅಂಗಳ ಯಾರ ವಶದಲ್ಲಿರುತ್ತದೆಂಬುದೂ ರಚನೆಯ ಪ್ರಶ್ನೆಯೇ. ಅಮೆರಿಕದ ಸಮಾಜಶಾಸ್ತ್ರಜ್ಞೆ ಬ್ಯಾರಿ ಥಾರ್ನ್ 1993ರ ಗ್ರಂಥವೊಂದರಲ್ಲಿ, ಶಾಲೆಯ ಅಂಗಳದ ಬಹುಭಾಗವನ್ನು ಚೆಂಡಾಟವಾಡುವ ಹುಡುಗರು ಆಕ್ರಮಿಸಿ, ಹುಡುಗಿಯರು ಕಟ್ಟಡದ ಮಗ್ಗುಲಿಗೆ ಸರಿದಿರುವುದನ್ನು ವಿವರಿಸಿದಳು. ನಮ್ಮಲ್ಲಿ ಕ್ರಿಕೆಟ್ಟು ಮಾಡುವುದೂ ಇದನ್ನೇ. ಮಧ್ಯದ ಬಯಲನ್ನು ಒಂದೇ ಆಟಕ್ಕೆ ಬಿಡದೆ, ಮರಗಳ ಸಾಲಿನಿಂದಲೋ ಗಿಡ್ಡ ಕಟ್ಟೆಯಿಂದಲೋ ಹಲವು ಚಿಕ್ಕ ಅಂಗಳಗಳಾಗಿ ಒಡೆದರೆ ಕಲಹವಿಲ್ಲದೆ ಎಲ್ಲರಿಗೂ ಎಡೆ ದೊರೆಯುತ್ತದೆ. ಗಾಲಿಕುರ್ಚಿಯ ಮಗುವಿಗೆ ಗಟ್ಟಿಯಾದ ದಾರಿಯೂ, ಕುಳಿತಲ್ಲಿಂದಲೇ ಕೈಯಾಡಿಸಬಹುದಾದ ಎತ್ತರದ ಮರಳಿನ ತೊಟ್ಟಿಯೂ ಬೇಕು.

ಭಾರತದಲ್ಲಿ ಈ ವಿಚಾರಧಾರೆಗೆ ಸ್ವತಂತ್ರವಾದ ಮೂಲಗಳುಂಟು. 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಆರಂಭಿಸಿದ ಗಿಜುಭಾಯಿ ಬಧೇಕಾ ಆಟವನ್ನು ಶಿಕ್ಷಣದ ಕೇಂದ್ರಕ್ಕೆ ತಂದರು. ಅವರ ಸಹೋದ್ಯೋಗಿಯಾಗಿದ್ದ ತಾರಾಬಾಯಿ ಮೋಡಕ್ 1945ರಲ್ಲಿ ಬೋರ್ಡಿ ಎಂಬ ಊರಿಗೆ ಹೋಗಿ, ದುಬಾರಿಯಾದ ಮಾಂಟೆಸೊರಿ ಉಪಕರಣಗಳಿಗೆ ಬದಲಾಗಿ ಬೀಜ, ಚಿಪ್ಪು, ಕಲ್ಲುಗಳನ್ನು ಬಳಸಿ, ಬಡವರ ಕೇರಿಗಳ ಮನೆಯಂಗಳದಲ್ಲಿಯೇ ಮಕ್ಕಳನ್ನು ಕೂಡಿಸಿದರು. ನಿಕಲ್ಸನ್ನನ ಪ್ರಬಂಧಕ್ಕೆ ಕಾಲು ಶತಮಾನ ಮೊದಲು ನಡೆದ ಕಾರ್ಯವಿದು. ಕನ್ನಡದಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣವನ್ನು ಪಠ್ಯಪುಸ್ತಕದ ಆಚೆಗೆ ಒಯ್ದ ಪ್ರಯೋಗಗಳನ್ನು ನಡೆಸಿದರು. 2009ರ ಶಿಕ್ಷಣ ಹಕ್ಕಿನ ಕಾಯಿದೆ ಪ್ರತಿ ಶಾಲೆಗೂ ಆಟದ ಮೈದಾನವೂ ಆಟದ ಸಾಮಗ್ರಿಯೂ ಇರಬೇಕೆಂದು ತನ್ನ ಅನುಸೂಚಿಯಲ್ಲಿ ವಿಧಿಸಿತು. ಆ ಮೈದಾನ ಹೇಗಿರಬೇಕೆಂಬುದನ್ನು ಕಾಯಿದೆಯಿಂದ ನಿರೀಕ್ಷಿಸುವುದು ಯುಕ್ತವೂ ಅಲ್ಲ. ಅದು ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಗಳೂ ಅಧ್ಯಾಪಕರೂ ಸ್ಥಳವನ್ನು ನೋಡಿ ನಿಶ್ಚಯಿಸಬೇಕಾದ ವಿಷಯ. ಜೂನಿನಿಂದ ನಾಲ್ಕು ತಿಂಗಳು ಮಳೆ ಸುರಿಯುವ ಆಗುಂಬೆಯ ಸೀಮೆಯಲ್ಲಿ ಅಗಲವಾದ ಜಗಲಿಯೇ ಅಂಗಳವಾಗಬೇಕು. ರಾಯಚೂರಿನ ಬಿಸಿಲಿನಲ್ಲಿ ಬೇವು ಹೊಂಗೆಗಳ ನೆರಳಿಲ್ಲದ ಅಂಗಳ ವರ್ಷದ ಬಹುಪಾಲು ನಿರುಪಯುಕ್ತ. ಪೊದೆಯೆಂದರೆ ಹಾವಿನ ಭಯವೂ ಇರುವುದರಿಂದ ಗಿಡಗಳ ಬುಡವನ್ನು ಸವರಿ ಚೊಕ್ಕಟವಾಗಿಡುವ ಕೆಲಸ ತಪ್ಪದು.

ಈಚಿನ ವರ್ಷಗಳಲ್ಲಿ ಹಳೆಯ ಟೈರುಗಳಿಂದ ಅಂಗಳಗಳನ್ನು ಕಟ್ಟುವ ಪ್ರಯತ್ನ ದೇಶದ ಅನೇಕ ಕಡೆ ನಡೆದಿದೆ. ಬೆಂಗಳೂರಿನ ಆಂಟ್‌ಹಿಲ್ ಕ್ರಿಯೇಷನ್ಸ್ ಎಂಬ ಸಂಸ್ಥೆ ಇದರಲ್ಲಿ ಹೆಸರಾದುದು. ಅಲ್ಪ ವೆಚ್ಚದಲ್ಲಿ, ಊರವರ ಕೈಯಿಂದಲೇ, ಬಣ್ಣಬಣ್ಣದ ಅಂಗಳ ಸಿದ್ಧವಾಗುವುದು ಶ್ಲಾಘ್ಯವೇ. ಆದರೆ ಟೈರನ್ನು ನೆಲದಲ್ಲಿ ಹುಗಿದು ಬೋಲ್ಟು ಬಿಗಿದೊಡನೆ ಅದೂ ಒಂದು ಸ್ಥಿರ ಉಪಕರಣವಾಗಿಬಿಡುತ್ತದೆ. ಉರುಳಿಸುವ, ಪೇರಿಸುವ, ಒಳಗೆ ಕೂರುವ ಗುಣ ಅದರಲ್ಲಿ ಉಳಿಯಬೇಕಾದರೆ ಹತ್ತು ಹನ್ನೆರಡನ್ನಾದರೂ ಬಿಡಿಯಾಗಿ ಬಿಡುವುದು ವಿಹಿತ. ಸವೆದ ಟೈರಿನ ಅಂಚಿನಿಂದ ಉಕ್ಕಿನ ತಂತಿ ಹೊರಚಾಚುವುದುಂಟು, ಅಂತಹವನ್ನು ಆಗಿಂದಾಗ್ಗೆ ಆರಿಸಿ ತೆಗೆಯಬೇಕು; ಮಳೆಗಾಲದಲ್ಲಿ ಒಳಗೆ ನೀರು ನಿಂತು ಸೊಳ್ಳೆ ಹುಟ್ಟದಂತೆ ಪ್ರತಿಯೊಂದರ ತಳಭಾಗದಲ್ಲಿ ಮೂರು ನಾಲ್ಕು ತೂತುಗಳನ್ನು ಮೊದಲೇ ಕೊರೆದಿಡಬೇಕು.